ಬಿಳಿಯುಟ್ಟ ಯಾನ್ಯಾ

ನಮ್ಮ ಪಕ್ಕದ ಮನೆ ಫ್ರಾನೆ ದುಡಿಯೋದರಲ್ಲಿ ಎತ್ತು, ಅನುಮಾನದಲ್ಲಿ ಎರಡೆತ್ತು. ಹಾಲು ಕೊಟ್ಟರೆ ಮೂಸಿ ನೋಡೋನು, ನಕ್ಕರೆ ಯಾಕೆ ನಕ್ಕೆ ಅನ್ನೋನು. ಕಡಲ ಕಡೆಯವನು. ದ್ರಾವಾ ಹೊಳೆದಂಡೆಯ ನಮ್ಮೂರಿನ ಯಾನ್ಯಾಳನ್ನು ಕಟ್ಟಿಕೊಂಡು ಮನೆಯಳಿಯನಾಗಿ ಉಳಿದ. ಮೊದಲ ವರ್ಷಗಳಲ್ಲಿ ಹಡಗಿನ ಕೆಲಸವಿತ್ತು, ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ.

ಮೊನ್ನೆ ಪೇಟೆಗೆ ಪ್ಲಮ್ ಸಾರಾಯಿ ಮಾರಲು ಹೋದವನು ಮಳೆ ಬಂತೆಂದು ಮ್ಯೂಸಿಯಂ ಒಳಗೆ ನುಗ್ಗಿದ್ದಾನೆ. ಅಲ್ಲೊಂದು ಎಣ್ಣೆಬಣ್ಣದ ಚಿತ್ರ: ಹೊಳೆಯ ಮಂಜು, ಬಿಳಿಯುಟ್ಟು ಕೂದಲು ಕೆದರಿ ನಿಂತ ಹೆಂಗಸು. ಕೆಳಗೆ ‘ಕನಸು’ ಅಂತ ಹೆಸರು. ಮುಖ ಮಾತ್ರ ಅಪ್ಪಟ ಯಾನ್ಯಾಳದ್ದು! ಯಾವ ವರ್ಷದ್ದು ಅಂತ ಕಾವಲಿನವನನ್ನು ಕೇಳಿದರೆ, “ಬರೆದವನು ತಾರೀಖು ಹಾಕಿಲ್ಲ, ಈಗ ಅವನೂ ಇಲ್ಲ” ಅಂದನಂತೆ. ಆ ಚಿತ್ರಗಾರ ಒಂದು ಕಾಲಕ್ಕೆ ನಮ್ಮ ಪಾದ್ರಿಗಳ ಮನೆಗೆ ಬಂದುಹೋಗಿ ಮಾಡುತ್ತಿದ್ದ.

ಫ್ರಾನೆ ಸೀದಾ ನನ್ನ ಅಡುಗೆಮನೆಗೆ ಬಂದ. “ರೇಜಕ್ಕ, ಸತ್ಯ ಹೇಳು. ಆ ಚಿತ್ರ ಮದುವೆಗೆ ಮುಂಚಿನದಾ, ಆಮೇಲಿನದಾ?”

“ನಾನು ನೋಡೇ ಇಲ್ವಲ್ಲಪ್ಪ!”

“ನೀವೆಲ್ಲ ಒಂದೇ. ಆಮೇಲಿನದಾದರೆ ಭಾನುವಾರ ಗಂಟುಮೂಟೆ ಕಟ್ತೀನಿ, ನಮ್ಮೂರಿಗೆ.”

ಅವನು ಹೇಳಿದರೆ ಮಾಡುವ ಜಾತಿ. ಯಾನ್ಯಾ ಸುದ್ದಿ ಕೇಳಿ, “ನಡಿ, ನಾನೂ ನೋಡ್ತೀನಿ” ಅಂದಳು. ಜಗಳಕ್ಕೆ ಅಡ್ಡ ಇರಲಿ ಅಂತ ನಾನೂ ಗಾಡಿ ಹತ್ತಿದೆ.

ಚಿತ್ರದ ಮುಂದೆ ನಿಂತದ್ದೇ ಫ್ರಾನೆ ಕೆರಳಿದ. “ನೋಡು! ಪರಗಂಡಸಿನ ಮುಂದೆ, ಒಳಲಂಗದಲ್ಲಿ, ಜಡೆ ಬಿಚ್ಚಿಕೊಂಡು!”

ನನಗೆ ಮೈಯೆಲ್ಲ ಉರಿಯಿತು. “ಲೋ ಪೆದ್ದ, ಅದು ಒಳಲಂಗ ಅಲ್ವೋ, ಸೂತಕದ ಬಟ್ಟೆ! ನಿಮ್ಮ ಕಡಲ ಕಡೆ ಸಾವಿಗೆ ಕಪ್ಪು, ನಮ್ಮಲ್ಲಿ ಬಿಳಿ. ಜಡೆ ಹಾಕಂಗಿಲ್ಲ. ಇಷ್ಟು ವರ್ಷ ನಮ್ಮೂರಿನ ಅನ್ನ ತಿಂದು ಇಷ್ಟೂ ಗೊತ್ತಿಲ್ವಾ?”

“ಯಾರ ಸೂತಕ?”

ಯಾನ್ಯಾ ಚಿತ್ರದ ಕಡೆಗೇ ನೋಡುತ್ತ ಹೇಳಿದಳು. “ನಮ್ಮ ಕೂಸು ತೇನಾದು. ನೀನು ಹಡಗಿನಲ್ಲಿದ್ದೆ. ಮಗು ಮಣ್ಣಾದ ಮೇಲೆ ದಿನಾ ಬೆಳಗ್ಗೆ ದೋಣಿಕಟ್ಟೆಗೆ ಹೋಗಿ ನಿಲ್ತಿದ್ದೆ, ನೀನು ಬರ್ತೀಯೇನೋ ಅಂತ. ಅವನು ಎಲ್ಲಿಂದ ನೋಡಿದನೋ ನನಗೆ ಗೊತ್ತಿಲ್ಲ. ನೀನು ಬರೋ ಹೊತ್ತಿಗೆ ಬಿಳಿ ತೆಗೆದಿದ್ದೆ.”

ಫ್ರಾನೆ ಅಲ್ಲಿದ್ದ ಬೆಂಚಿನ ಮೇಲೆ ಕೂತ. ಆಮೇಲೆ, “ಹೇಗೆ ಹೋಯ್ತು ಮಗು?” ಅಂದ.

ಯಾನ್ಯಾ ಗಂಡನ ಮುಖ ನೋಡಿದಳು. “ಇಷ್ಟು ವರ್ಷ ಒಂದ್ಸಲಾನೂ ಕೇಳದೋನು ಇವತ್ತು ಕೇಳ್ತಿದ್ದೀಯಲ್ಲ” ಅಂದು, ಪಕ್ಕದಲ್ಲಿ ಕೂತು ಮೊದಲಿಂದ ಹೇಳತೊಡಗಿದಳು.