ಎರಡು ಡಬ್ಬ ಕೆಂಪು ನೂಲು

ಆ ಧಾರೆ ಸೀರೆ ಕೆಟ್ಟದ್ದು ನೀರಿನಿಂದಲ್ಲ, ನನ್ನ ದುರಾಸೆಯಿಂದ. ಸೊಸೆಯ ಕೈಗುಣ ಸರಿಯಿಲ್ಲ ಎಂದು ಬೀದಿಯಲ್ಲಿ ಆಡಿಕೊಂಡವರಿದ್ದಾರೆ. ಅದು ಸುಳ್ಳು.

ನಂಜನಗೂಡಿನ ನಮ್ಮ ಮನೆಯಲ್ಲಿ ಸೊಸೆ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಕಲಿಸಿದವಳು ನಾನು. ಈಗ ನನಗೆ ಸೂಜಿಯ ಕಣ್ಣು ಕಾಣುವುದಿಲ್ಲ, ಆದರೂ ನೂಲು ಕೊಳ್ಳುವುದನ್ನು ಬಿಟ್ಟಿರಲಿಲ್ಲ. ನರಸೀಪುರದ ತಂಗಿಯ ಮನೆಗೆ ಹೋದರೆ ಅಲ್ಲಿಂದಲೂ ಒಂದು ಚೀಲ ತರುತ್ತಿದ್ದೆ. ನಡುವೆ ನೂಲು ಮುಗಿದರೆ ಅದೇ ಬಣ್ಣ ಮತ್ತೆ ಸಿಗುವುದಿಲ್ಲ, ಒಂದು ಉಂಡೆ ಬೇಕಾದ ಕಡೆ ಮೂರು ಇರಬೇಕು ಎನ್ನುವುದು ನನ್ನ ನೆಪ. ಮಂಚದ ಕೆಳಗೆ ಟ್ರಂಕು, ಬೀರುವಿನ ಮೇಲೆ ಬಿಸ್ಕತ್ತಿನ ಡಬ್ಬಗಳು, ಅಕ್ಕಿ ಡ್ರಮ್ಮಿನ ತುಂಬ ಮಣಿ. ಅಕ್ಕಿ ಮೂಲೆಯಲ್ಲಿ ಚೀಲದಲ್ಲೇ ಇರುತ್ತಿತ್ತು.

"ಅತ್ತೆ, ಇದ್ನೆಲ್ಲ ಕಟ್ಟಿ ಮುಗಿಸ್ಬೇಕು ಅಂದ್ರೆ ಊರ್ ಎಂಗಸ್ರೆಲ್ಲ ಇನ್ನೊಂದ್ ಸಲ ಮದ್ವೆ ಆಗ್ಬೇಕು," ಎನ್ನುತ್ತಿದ್ದಳು ಸೊಸೆ.

ಒಂದು ಶುಕ್ರವಾರ ಮೂಗೂರಿನ ಹೆಂಗಸೊಬ್ಬಳು ಮಗಳ ಧಾರೆ ಸೀರೆ ತಂದುಕೊಟ್ಟಳು. ಬಿಳಿ ರೇಷ್ಮೆ, ಸೆರಗೂ ಬಿಳಿ, ಅಂಚು ಮಾತ್ರ ಕೆಂಪು. ಕುಚ್ಚು ಕೆಂಪಿರಲಿ ಎಂದಳು. ಶನಿವಾರ ಸಂಜೆ ಬಂದು ಒಯ್ಯುತ್ತಾಳೆ, ಭಾನುವಾರ ಬೆಳಗ್ಗೆ ಧಾರೆ.

ಸೊಸೆ ಹೊಸ ನೂಲು ತರಲು ಚಪ್ಪಲಿ ಮೆಟ್ಟಿದಳು. ನಾನು ಅಡ್ಡ ಹಾಕಿದೆ. "ಎರಡು ಡಬ್ಬ ತುಂಬ ಕೆಂಪೇ ಐತಲ್ಲೇ. ಅಂಗಡಿಗ್ಯಾಕೆ ಓಯ್ತೀಯೆ?"

"ಯಾವ್ ಕಾಲದ್ದೋ ಕಣತ್ತೆ, ಬಣ್ಣ ಬುಟ್ಟದು."

"ನನ್ ನೂಲು ಬುಡಕಿಲ್ಲ," ಎಂದೆ. ಡಬ್ಬ ಅವಳ ಮುಂದೆ ಕುಕ್ಕಿದೆ. ಅವಳು ಚಪ್ಪಲಿ ಬಿಟ್ಟು ಸೂಜಿ ಹಿಡಿದಳು.

ಶನಿವಾರ ಮಧ್ಯಾಹ್ನಕ್ಕೆ ಕುಚ್ಚು ಮುಗಿಯಿತು. ಎಳೆಗಳು ನೆಟ್ಟಗೆ ನಿಲ್ಲಲೆಂದು ಕೊನೆಗೆ ನೀರು ಚಿಮುಕಿಸಿ ಬಾಚುತ್ತೇವೆ. ಬಾಚಣಿಗೆ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ಕೆಂಪು ಮೇಲಕ್ಕೆ ಹತ್ತಿತು. ಬಿಳಿ ಸೆರಗಿನ ತುದಿಯಲ್ಲಿ ಒಂದು ಬೆರಳಗಲ. ನಾನು ಉಜ್ಜಲು ಹೋದೆ. ಸೊಸೆ ನನ್ನ ಕೈಗೆ ಹೊಡೆದಳು. ಮದುವೆಯಾಗಿ ಬಂದ ಮೇಲೆ ಅವಳು ನನ್ನ ಮೇಲೆ ಕೈಮಾಡಿದ್ದು ಅದೊಂದೇ ಸಲ.

"ಕುಂಕುಮ ಚೆಲ್ತು ಅಂದ್ಬುಡು," ಎಂದೆ. "ಮದ್ವೆ ಸೀರೆ ತಾನೆ, ಶುಭ ಅಂತಾರೆ."

"ನೀವೇ ಅನ್ನಿ. ಅವ್ರ ಮಕ ನೋಡ್ಕೊಂಡು ಅನ್ನಿ."

ಅಷ್ಟರಲ್ಲಿ ಮೂಗೂರಿನವಳು ಸಂಜೆಗೆ ಮೊದಲೇ ಬಾಗಿಲಿಗೆ ಬಂದಳು. ಮುಖ ನೋಡಿದೆ. ಕುಂಕುಮದ ಮಾತು ಬರಲಿಲ್ಲ. "ನಂದೇ ತಪ್ಪು ಕಣವ್ವ. ಹಳೇ ನೂಲು ಕೊಟ್ಟೆ," ಎಂದೆ.

ಅವಳು ಟ್ರಂಕಿನ ಕಡೆ ಕಣ್ಣು ಹಾಯಿಸಿದಳು. "ನನ್ ಮಗಳು ನಾಳೆ ಏನ್ ಉಟ್ಕಳಾದು? ನಿಮ್ ಟ್ರಂಕ್ನಾ?"

ಸೊಸೆ ಕುಚ್ಚು ತೆಗೆಯಲು ಕತ್ತರಿ ಎತ್ತಿಕೊಂಡಳು. ಆ ತಾಯಿ ಕಿರುಚಿದಳು. "ಧಾರೆ ಸೀರೆಗೆ ಕತ್ತರಿ ಮುಟ್ಟಿಸ್ಬ್ಯಾಡಿ!"

ಅದು ಅಪಶಕುನವೆಂದು ನಮಗೂ ಗೊತ್ತಿದ್ದದ್ದೇ. ಕತ್ತರಿ ಒಳಗೆ ಹೋಯಿತು. ಸೊಸೆ ಓಡಿಹೋಗಿ ಹೊಸ ಉಂಡೆ ತಂದಳು. ಮೊದಲು ಅದರ ತುದಿ ನೆನೆಸಿ ಬಿಳಿ ಕರ್ಚೀಫಿಗೆ ಒತ್ತಿ ನೋಡಿದಳು. ಆಮೇಲೆ ಸೂಜಿ ಮೊನೆಯಿಂದ ಒಂದೊಂದೇ ಗಂಟು ಬಿಚ್ಚತೊಡಗಿದಳು. ಅಷ್ಟು ಗಟ್ಟಿ ಗಂಟು ಹಾಕಲು ನಾನೇ ಕಲಿಸಿದ್ದು. ನಾನು ಸೆರಗು ಬಿಗಿಯಾಗಿ ಹಿಡಿದು ಕೂತೆ. ಸೆರಗು ಸರಿದಾಗಲೆಲ್ಲ "ಅಲ್ಲಾಡ್ಬ್ಯಾಡಿ" ಎನ್ನುತ್ತಿದ್ದಳು. ಮೂಗೂರಿನವಳು ನಿಮಿಷಕ್ಕೊಮ್ಮೆ ಬಾಗಿಲಿಗೆ ಹೋಗಿ, "ಕೊನೇ ಬಸ್ ಓಯ್ತದೆ," ಎನ್ನುತ್ತಿದ್ದಳು. ಕೊಟ್ಟ ಕಾಫಿ ಮುಟ್ಟಲಿಲ್ಲ.

ಕಲೆಯಾದಷ್ಟನ್ನು ಒಳಕ್ಕೆ ಮಡಿಸಿ ಹೊಲಿದು, ಮಡಿಕೆಯ ಮೇಲೆ ಕುಚ್ಚು ಕಟ್ಟಿದ್ದಾಯಿತು. ಮೊದಲಿನಷ್ಟು ಒತ್ತಾಗಿ ಇರಲಿಲ್ಲ. ಆ ತಾಯಿ ಸೀರೆಯನ್ನು ದೀಪಕ್ಕೆ ಹಿಡಿದು ನೋಡಿದಳು.

"ಸೆರಗು ವಸಿ ಮೋಟಾಯ್ತು," ಎಂದಳು. "ಉಟ್ಕತಾಳೆ ಬುಡಿ. ಇನ್ನೇನ್ ಮಾಡಾದು." ಬಸ್ಸಿಗೆ ಓಡಿದಳು. ಸೊಸೆ ಬಾಚಣಿಗೆ ತೊಳೆದಿಟ್ಟು ಮಲಗಿದಳು.

ಮಾರನೆಯ ಬೆಳಗ್ಗೆ, ಮೂಗೂರಿನಲ್ಲಿ ಧಾರೆ ಎರೆಯುವ ಹೊತ್ತಿಗೆ, ನಾನು ಹಿತ್ತಲಲ್ಲಿ ಒಂದು ಚೊಂಬು ನೀರು, ಒಂದು ಬಿಳಿ ಬಟ್ಟೆ ಇಟ್ಟುಕೊಂಡು ಕೂತೆ. ಪ್ರತಿ ಉಂಡೆಯ ತುದಿ ನೆನೆಸಿ ಬಟ್ಟೆಗೆ ಒತ್ತಿದೆ. ಬಣ್ಣ ಬಿಟ್ಟದ್ದನ್ನು ಹಂಡೆಯ ಒಲೆಗೆ ಹಾಕಿದೆ. ಕೆಂಪಿನ ಎರಡು ಡಬ್ಬವೂ ಖಾಲಿಯಾದವು. ಹಸಿರಿನ ಡಬ್ಬವನ್ನು ಮುಚ್ಚಳ ತೆಗೆಯದೆ ಪಕ್ಕಕ್ಕೆ ಸರಿಸಿದೆ.

"ಅದ್ನೂ ನೋಡ್ಬುಡಿ," ಎಂದಳು ಸೊಸೆ ಹಿಂದಿನಿಂದ.

ಮುಚ್ಚಳ ತೆಗೆದೆ.