ರೈಟ್ ಅಂದ ಬಾಯಿ

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಇಂಗ್ಲಿಷಿನಲ್ಲಿ ನನಗೆ ಗಟ್ಟಿಯಾಗಿ ಬರುತ್ತಿದ್ದದ್ದು ಒಂದೇ ಮಾತು, ರೈಟ್. ಕೊಡಿಗೇನಹಳ್ಳಿಯಿಂದ ಮಧುಗಿರಿಗೆ ಓಡಾಡುತ್ತಿದ್ದ ಖಾಸಗಿ ಬಸ್ಸಿನಲ್ಲಿ ಬಹಳ ವರ್ಷ ಕಂಡಕ್ಟರ್ ಆಗಿದ್ದೆ. ಆ ಮಾತನ್ನು ನನ್ನಷ್ಟು ಸಲ ಹೇಳಿದವರು ನಮ್ಮ ಕಡೆ ಕಡಿಮೆ.

ಶಾಲೆಯಲ್ಲಿ ರೈಟ್ ಅಂದರೆ ಮೇಷ್ಟ್ರು ಕೆಂಪು ಇಂಕಿನಲ್ಲಿ ಹಾಕುತ್ತಿದ್ದ ಗುರುತು. ನನ್ನ ಪುಸ್ತಕದಲ್ಲಿ ಅದು ಅಪರೂಪ. ಬಸ್ಸಿಗೆ ಸೇರಿದ ಮೇಲೆ ರೈಟ್ ಅಂದರೆ ಹೊರಡು ಅಂತಾಯಿತು. ನಮ್ಮ ಡ್ರೈವರು ವಯಸ್ಸಾದ ಮನುಷ್ಯ, ಮೊದಲ ದಿನವೇ ಕೆಲಸ ಹೇಳಿಕೊಟ್ಟ. ಈ ರೋಡಿನಲ್ಲಿ ಸ್ಟಾಪಿನಲ್ಲಿ ನಿಂತವರಿಗಿಂತ ಹೊಲದ ಬದುವಿನ ಮೇಲೆ ಓಡಿ ಬರುವವರೇ ಹೆಚ್ಚು. ಎಡಕ್ಕೆ, ಬಲಕ್ಕೆ, ಹಿಂದಕ್ಕೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೇ ಹೇಳಬೇಕು.

"ಮೊದ್ಲು ಕಣ್ಣು, ಆಮೇಲೆ ಬಾಯಿ ಕಣ್ಲಾ. ನಿನ್ ಬಾಯಿ ನಂಬ್ಕೊಂಡು ನಾನು ಗೇರ್ ಹಾಕ್ತೀನಿ" ಅಂದಿದ್ದ.

ಉಳಿದ ಅರ್ಥಗಳನ್ನು ಕಲಿಸಿದವಳು ನನ್ನ ತಂಗಿ, ನನಗಿಂತ ಎಂಟು ವರ್ಷ ಚಿಕ್ಕವಳು. ಬಸ್ಸು ನಿಲ್ಲಿಸಿ ನಾನು ಮನೆಗೆ ಬಂದ ಸಂಜೆಗಳಲ್ಲಿ ಅಮ್ಮನ ಜೊತೆ ಹುಣಸೆಹಣ್ಣು ಕುಟ್ಟುತ್ತಾ ಬೀಜ ತೆಗೆಯುತ್ತಾ ಹೇಳಿಕೊಡುತ್ತಿದ್ದಳು. ಬಲಗೈಗೂ ರೈಟ್ ಅಂತಾರೆ, ಸರಿ ಅನ್ನೋದಕ್ಕೂ ರೈಟ್, ಹಕ್ಕು ಅನ್ನೋದಕ್ಕೂ ಅದೇ. ನನಗೆ ಖುಷಿ. ಮಾರನೆಯ ದಿನ ಬಸ್ಸಿನಲ್ಲಿ ನನ್ನದೇ ವಿದ್ಯೆಯಂತೆ ಹೇಳಿಕೊಳ್ಳುತ್ತಿದ್ದೆ.

ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿದ್ದ ವಾರ, ನಮ್ಮ ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು. ನೆಂಟರೊಬ್ಬರಿಗೆ ನಾನು ಜಂಬದಿಂದ, ಇಂಗ್ಲಿಷಿನಲ್ಲಿ ಹೊರಡು ಅನ್ನೋದಕ್ಕೆ ರೈಟ್ ಅಂತಾರೆ ಅಂದೆ. ತಂಗಿ ಒಳಗಿಂದ ನಕ್ಕಳು. "ನಮ್ಮಣ್ಣಂಗೆ ಬರೋದೇ ಒಂದು ಇಂಗ್ಲಿಷು, ಅದೂ ಅರ್ಧ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ರಾತ್ರಿಯೆಲ್ಲಾ ಎದೆಯಲ್ಲಿ ಚುಚ್ಚುತ್ತಿತ್ತು.

ಮಾರನೆಯ ದಿನ ಅವಳಿಗೆ ಗಣಿತ. ಪರೀಕ್ಷೆ ಮಧುಗಿರಿಯಲ್ಲಿ. ಬೆಳಿಗ್ಗೆ ನಮ್ಮ ಊರಿನ ಸ್ಟಾಪಿಗೆ ಬಸ್ಸು ಬಂದಾಗ ಅವಳಿರಲಿಲ್ಲ. ಹಾಲ್ ಟಿಕೆಟ್ ಮರೆತು ಅರ್ಧ ದಾರಿಯಿಂದ ಮನೆಗೆ ವಾಪಸ್ ಹೋಗಿದ್ದಳಂತೆ. ನಾನು ಪದ್ಧತಿಯಂತೆ ನೋಡಿದೆ. ಎಡಕ್ಕೆ ಯಾರೂ ಇಲ್ಲ. ಬಲಕ್ಕೆ, ಕಡಲೆಕಾಯಿ ಹೊಲದ ಬದುವಿನ ಮೇಲೆ, ಪರೀಕ್ಷೆಯ ಪ್ಯಾಡನ್ನು ಎದೆಗೆ ಅವುಚಿಕೊಂಡು ಒಂದು ನೀಲಿ ಯೂನಿಫಾರಂ ಓಡಿ ಬರುತ್ತಿತ್ತು. ಅವಳ ಓಟ ನನಗೆ ಗೊತ್ತಿಲ್ಲವೇ.

ಡ್ರೈವರು ತಲೆ ತಿರುಗಿಸದೆ ಕೇಳಿದ, ಯಾರಾದ್ರೂ ಬರ್ತಾವ್ರೇನ್ಲಾ ಅಂತ.

"ಯಾರೂ ಇಲ್ಲ. ರೈಟ್" ಅಂದೆ.

ಮುಂದಿನ ಬಸ್ಸು ಹತ್ತು ಗಂಟೆಗೆ. ಯಾವುದೋ ಟೊಮೆಟೊ ಗಾಡಿ ಹತ್ತಿ ಅವಳು ಮಧುಗಿರಿ ಮುಟ್ಟುವಷ್ಟರಲ್ಲಿ ಒಳಗೆ ಬಿಡುವ ಹೊತ್ತು ಮೀರಿತ್ತು. ಸಂಜೆ ಅವಳು ಅಳುತ್ತಿದ್ದಾಗ, ಟಿಕೆಟ್ ಹರಿಯುತ್ತಿದ್ದೆ, ಕಾಣಲಿಲ್ಲ ಅಂದೆ. ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ನನ್ನ ಮುಖ ನೋಡಿ, ನೀನು ಬೇಜಾರು ಮಾಡ್ಕೋಬೇಡ ಬುಡಣ್ಣ ಅಂತ ನನಗೇ ಸಮಾಧಾನ ಹೇಳಿದಳು.

ಗಣಿತವನ್ನು ಮತ್ತೆ ಕಟ್ಟಿ ಪಾಸಾದಳು. ಅಷ್ಟರಲ್ಲಿ ಕಾಲೇಜು ಹಾಸ್ಟೆಲಿನ ಸೀಟು ಮುಗಿದಿತ್ತು. ಒಂದು ವರ್ಷ ಮನೆಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿದಳು. ಸುತ್ತಿಗೆಯ ಒಂದೊಂದು ಪೆಟ್ಟೂ ನನಗೆ ಕೇಳುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಆಮೇಲೆ ಅವಳು ಪಿಯುಸಿ ಓದಿದಳು. ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿ ಗೆದ್ದಳು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಮಾಫ್ ಆದ ಮೇಲೆ ನಮ್ಮ ಬಸ್ಸಿಗೆ ಜನವಿಲ್ಲದೆ ಮಾಲೀಕರು ನಿಲ್ಲಿಸಿದರು. ನಾನು ಹೊಲಕ್ಕೆ ಮರಳಿದೆ.

ಹೋದ ವರ್ಷ ಸಿರಾದಲ್ಲಿ ಮೋಟಾರು ರಿಪೇರಿಗೆ ಕೊಟ್ಟು ಬರುವಾಗ ಮಧುಗಿರಿ ಬಸ್ಸು ಹತ್ತಿದೆ. ಖಾಕಿ ಹಾಕಿ, ಮೆಷಿನ್ನು ಕೊರಳಿಗೆ ನೇತುಹಾಕಿಕೊಂಡು ನಿಂತಿದ್ದವಳು ನನ್ನ ತಂಗಿ. ಕಾಲಿಡಲು ಜಾಗವಿಲ್ಲ, ಒಳಕ್ಕೆ ನಡೀರಿ ಅಂತ ಅವಳು ಕೂಗುತ್ತಿದ್ದಳು. ಬಾಗಿಲಲ್ಲಿ ಜೋತು ಬಿದ್ದಿದ್ದ ಒಬ್ಬ, ಏನಮ್ಮ, ಮನೇಲೂ ಇಂಗೇ ಕೂಗ್ತೀಯಾ ಅಂತ ಕೆಣಕಿದ.

"ಮನೇಲಿ ಯಾರೂ ಬಾಗ್ಲಲ್ಲಿ ನೇತಾಡಲ್ಲ ಕಣಪ್ಪ. ಒಳಕ್ಕೆ ನಡಿ" ಅಂದಳು. ಬಸ್ಸೆಲ್ಲಾ ನಕ್ಕಿತು, ಅವನು ಒಳಗೆ ನಡೆದ. ನನಗೆ ಎದೆ ತುಂಬಿ ಬಂತು.

ಒಂದು ಹಳ್ಳಿಯ ಸ್ಟಾಪಿನಲ್ಲಿ ಅವಳು ರೈಟ್ ಹೇಳಲೇ ಇಲ್ಲ. ಹಿಂದಿನವರು ಗೊಣಗಿದರು. ಅವಳು ಕಂಬಿ ಹಿಡಿದು ಅರ್ಧ ಮೈ ಹೊರಗೆ ಚಾಚಿ ನೋಡುತ್ತಿದ್ದಳು. ದೂರದಲ್ಲಿ ಒಬ್ಬ ಮುದುಕಿ ಕುರಿಮರಿ ಎತ್ತಿಕೊಂಡು ಬರುತ್ತಿದ್ದಳು. ಆಕೆ ಹತ್ತಿದ ಮೇಲೆ ತಂಗಿ ಸುತ್ತಲಿದ್ದವರಿಗೆ ನನ್ನನ್ನು ತೋರಿಸಿ ನಗುತ್ತಾ ಹೇಳಿದಳು: "ನಮ್ಮಣ್ಣನೂ ಕಂಡಕ್ಟ್ರೇ. ಒಂದ್ಸಲ ನನ್ನನ್ನೇ ನೋಡ್ದೆ ಬುಟ್ಟೋಗಿದ್ದ. ಅದಕ್ಕೆ ನಾನು ಎರಡೆರಡು ಸಲ ನೋಡ್ತೀನಿ."

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಟೀ ಅಂಗಡಿ ಮುಂದೆ ಹೇಳಿಬಿಟ್ಟೆ.

"ಅವತ್ತು ನೀನು ಕಂಡಿದ್ದೆ ಕಣೆ. ನೋಡೇ ರೈಟ್ ಅಂದೆ."

ಅವಳು ಲೋಟ ಕೆಳಗಿಟ್ಟಳು. ಯಾಕೆ ಅಂತ ಕೇಳಿದಳು. ಜಗಲಿಯ ನಗು ಹೇಳಿದೆ. ಅವಳಿಗೆ ಅದು ನೆನಪೇ ಇರಲಿಲ್ಲ. ಒಂದು ವರ್ಷ ಕಣಣ್ಣ ಅಂದಳು, ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಡ್ರೈವರು ಹಾರನ್ ಹೊಡೆದ. ಬಸ್ಸು ಮತ್ತೆ ಸಿರಾಕ್ಕೆ ಹೊರಡುವ ಹೊತ್ತು. ಅವಳು ಎದ್ದು ಹೋದಳು. ಮುಗಿಯಿತು ಅಂದುಕೊಂಡೆ. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

"ಹತ್ತು. ಟಿಕೆಟ್ ತಗೋಬೇಕು, ಬಿಟ್ಟಿ ಇಲ್ಲ. ಹಿಂದಿನ ಬಾಗ್ಲಲ್ಲಿ ನಿಂತ್ಕೊ. ನಾನು ಮುಂದೆ ಇರ್ತೀನಿ, ಹಿಂದೆ ನೀನು ನೋಡು."

ನನ್ನೂರು ಆ ದಿಕ್ಕಿನಲ್ಲಿಲ್ಲ. ಆದರೂ ಹತ್ತಿದೆ. ಮೊದಲ ಸ್ಟಾಪಿನಲ್ಲಿ ತುಂಬಿದ ಬಸ್ಸಿನ ತಲೆಗಳ ಮೇಲಿಂದ ಅವಳ ದನಿ ಬಂತು, ಹಿಂದೆ ಯಾರಾದ್ರೂ ಅವ್ರಾ ಅಂತ. ನಾನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ರಸ್ತೆ ತಿರುಗುವವರೆಗೂ ಹಿಂದೆ ನೋಡಿದೆ. ಎರಡೆರಡು ಸಲ ನೋಡಿದೆ.

"ಯಾರೂ ಇಲ್ಲ ಕಣಮ್ಮ" ಎಂದು ಕೂಗಿದೆ.

ಅವಳು ನನ್ನ ಬಾಯಿ ನಂಬಿ ರೈಟ್ ಅಂದಳು. ಬಸ್ಸು ಹೊರಟಿತು.