ಹದಿನೈದಕ್ಕೇರಿದ ಪ್ರಭುರಾಜ

ಡಾಕ್ಟರ್ ಪ್ರಭುರಾಜ ರಾಯಚೂರಿನ ಒಂದು ಖಾಸಗಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೀಟ ವಿಜ್ಞಾನಿ. ಕೇಂದ್ರದ ಹೆಸರು ಬೇಡ. ಅಲ್ಲೇ ಮಣ್ಣು ಪರೀಕ್ಷೆ ವಿಭಾಗದಲ್ಲಿ ನಾನಿನ್ನೂ ಸಂಬಳ ತಿನ್ನುತ್ತಿದ್ದೇನೆ.

ಈ ಮನುಷ್ಯ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಮೊಬೈಲಿನಲ್ಲಿ ತನ್ನ ಎಚ್-ಇಂಡೆಕ್ಸ್ ನೋಡುತ್ತಾನೆ. ವಿಜ್ಞಾನಿಯ ತೂಕ ಅಳೆಯಲು ಯಾರೋ ಕಟ್ಟಿಟ್ಟ ಅಂಕಿ ಅದು. ಅದು ಹದಿನೈದಾಗಬೇಕಾದರೆ ಹದಿನೈದು ಪ್ರಬಂಧ ಬರೆದಿರಬೇಕು, ಒಂದೊಂದನ್ನೂ ಬೇರೆಯವರು ಕಡಿಮೆಯೆಂದರೆ ಹದಿನೈದು ಪ್ರಬಂಧಗಳಲ್ಲಿ ಉಲ್ಲೇಖಿಸಿರಬೇಕು. ಉಲ್ಲೇಖಿಸಿದವರು ಓದಿದ್ದಾರೋ ಇಲ್ಲವೋ, ಆ ಅಂಕಿಗೆ ಬೇಕಿಲ್ಲ. ಪ್ರಭುರಾಜನಿಗಂತೂ ಮೊದಲೇ ಬೇಕಿಲ್ಲ. ಗದ್ದೆಗೆ ಇಳಿದು ಅವನ ಕಾಲು ಒದ್ದೆಯಾದದ್ದನ್ನು ನಾನು ಕಂಡಿಲ್ಲ.

ತನ್ನೂರು ಗಬ್ಬೂರಿನ ಮದುವೆಗಳಲ್ಲಿ ಆಯೇರಿ ಮಾಡುವುದನ್ನು ಅವನು ಚಿಕ್ಕಂದಿನಿಂದ ನೋಡಿದವನು. ನೀವು ನಮ್ಮ ಮನೆಗೆ ಸೀರೆ ತಂದರೆ, ನಿಮ್ಮ ಮನೆಯ ಮದುವೆಗೆ ನಾವು ಅದಕ್ಕೆ ಸರಿಗಟ್ಟುವ ಸೀರೆ ಒಯ್ಯಬೇಕು. ಆ ಪದ್ಧತಿಯಲ್ಲಿ ಪ್ರೀತಿಯಾದರೂ ಇರುತ್ತದೆ. ಇವನು ಅದನ್ನು ತಂದು ವಿಜ್ಞಾನಕ್ಕೆ ಹಾಕಿದ. ಸುತ್ತಲ ಊರುಗಳ ಆರೇಳು ಮಂದಿ ವಿಜ್ಞಾನಿಗಳ ಗುಂಪು ಕಟ್ಟಿದ. ನನ್ನ ಹೆಸರು ನೀ ಹಾಕು, ನಿನ್ನ ಹೆಸರು ನಾ ಹಾಕುತ್ತೇನೆ. ಕುರಿಯ ಕಾಲುಬೇನೆಯ ಪ್ರಬಂಧದಲ್ಲಿ ಭತ್ತದ ಹುಳು, ಭತ್ತದ ಹುಳುವಿನಲ್ಲಿ ತೊಗರಿ ಬೇಳೆ. ಓದಿದರೆ ವಾಕರಿಕೆ ಬರುತ್ತದೆ.

ಹೀಗೆ ಹದಿನಾಲ್ಕರ ತನಕ ಏರಿದ. ಅಷ್ಟರಲ್ಲಿ ನಮ್ಮಲ್ಲಿ ಕೀಟ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ರೈತರಿಗೆ ಯಾವಾಗ ಯಾವ ಔಷಧಿ ಹೊಡೆಯಲು ಹೇಳಬೇಕೆಂದು ತೀರ್ಮಾನಿಸುವ ಕುರ್ಚಿ ಅದು. ಬಯಸಿದವರು ಇಬ್ಬರೇ: ಪ್ರಭುರಾಜ ಮತ್ತು ಅದೇ ವಿಭಾಗದ ವಿಜ್ಞಾನಿ ನೌಶೀನ್. ನೌಶೀನ್ ಮಾನ್ವಿಯ ಅಕ್ಕಿ ವ್ಯಾಪಾರಿಯ ಮಗಳು, ಪೋತ್ನಾಳದ ಗದ್ದೆಗಳಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಓಡಾಡುವ ಹುಡುಗಿ. ಹದಿನೈದಿದ್ದರೆ ಹುದ್ದೆ ಪ್ರಭುರಾಜನಿಗೆ, ಇಲ್ಲವಾದರೆ ಅವಳಿಗೆ ಎಂಬುದು ಆಡಳಿತದವರ ಮಾತು.

ಪ್ರಭುರಾಜನ ಒಂದು ಪ್ರಬಂಧಕ್ಕೆ ಒಂದೇ ಒಂದು ಉಲ್ಲೇಖ ಕಡಿಮೆ ಬಿತ್ತು. ನಾಟಿಯಾದ ಕೂಡಲೇ ಔಷಧಿ ಹೊಡೆದರೆ ಭತ್ತಕ್ಕೆ ಜಿಗಿಹುಳು ಬರುವುದಿಲ್ಲ ಎಂದು ಬರೆದದ್ದು ಅದು. ಉಲ್ಲೇಖ ಕೊಡಬೇಕಾದವನು ದೇವದುರ್ಗದ ಈರಯ್ಯ, ಗುಂಪಿನವನೇ. ಆದರೆ ಈರಯ್ಯನ ಸರದಿ ಬಂದಾಗ ಇವನು ಅವನ ಹೆಸರು ಬಿಟ್ಟಿದ್ದ. ಈಗ ಶಾಲು, ಹಣ್ಣು ಹಿಡಿದು ಬಸ್ಸಿನಲ್ಲಿ ದೇವದುರ್ಗಕ್ಕೆ ಓಡಿದ. ಈರಯ್ಯ ಬಾಗಿಲಲ್ಲೇ ನಿಲ್ಲಿಸಿ, "ಆಯೇರಿ ತಪ್ಪಿಸಿದವ್ರ ಶಾಲು ನಮ್ಮ ಮನಿಗೆ ಬ್ಯಾಡ್ರಿ. ಬಂದ ಬಸ್ಸಿಗೇ ವಾಪಸ್ ಹೋಗ್ರಿ," ಎಂದನಂತೆ. ಶಾಲು ಹಾಗೇ ವಾಪಸ್ ಬಂತು. ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆ ನಗು ಬಹಳ ದಿನ ಉಳಿಯಲಿಲ್ಲ. ನೌಶೀನಳ ಪ್ರಬಂಧ ಅಚ್ಚಿಗೆ ಹೋಗುವುದರಲ್ಲಿತ್ತು. ಮೊದಲೇ ಔಷಧಿ ಹೊಡೆದರೆ ಜಿಗಿಹುಳು ತಿನ್ನುವ ಜೇಡಗಳು ಸಾಯುತ್ತವೆ, ಆಮೇಲೆ ಹುಳು ಇಡೀ ಗದ್ದೆಯನ್ನು ಮೇಯುತ್ತದೆ ಎಂದು ಅವಳು ತೋರಿಸಿದ್ದಳು. ತಪ್ಪು ಹೇಳಿದ್ದೆಂದು ಪ್ರಭುರಾಜನ ಆ ಪ್ರಬಂಧವನ್ನೇ ಹೆಸರು ಹಿಡಿದು ಉಲ್ಲೇಖಿಸಿದ್ದಳು.

"ಅವನ ಹೆಸರು ತಗಿಯವ್ವ," ಎಂದೆ. "ಬೈದು ಬರದ್ರೂ ಅವನ ಲೆಕ್ಕಕ್ಕೇ ಹೋಗ್ತದ."

"ಹೆಂಗ್ ತಗೀಲಿ ಸರ್? ಯಾರು ಹೇಳಿದ್ದು ತಪ್ಪು ಅಂತ ಗೊತ್ತಾಗದಿದ್ರ, ಪೋತ್ನಾಳದಾಗ ಹೊಡಿಯೋದು ನಿಲ್ಲಂಗಿಲ್ಲ," ಎಂದಳು. ಹುದ್ದೆ ಕೈತಪ್ಪಬಹುದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದಕ್ಷರ ತೆಗೆಯಲಿಲ್ಲ.

ಸಂದರ್ಶನದ ವಾರವೇ ಅವಳ ಪ್ರಬಂಧ ಅಚ್ಚಾಗಿ ಬಂತು. ಸಂದರ್ಶನದಲ್ಲಿ ಸಮಿತಿಯ ಅಧ್ಯಕ್ಷರು ನೌಶೀನಳೆದುರೇ ಲ್ಯಾಪ್‌ಟಾಪ್ ನೋಡಿ, "ಪ್ರಭುರಾಜ ಅವರದು ಹದಿನೈದು," ಎಂದರು.

"ಸರ್, ಕಡೀಕ ಬಂದ ಉಲ್ಲೇಖ ನಂದು," ಎಂದಳು ನೌಶೀನ್. "ಅವರು ಬರದದ್ದು ತಪ್ಪು ಅಂತ ಬರದೀನಿ. ಒಂದ್ಸಲ ಓದ್ರಿ."

"ಓದ್ಕೋತ ಕೂಡಾಕ ಟೈಮ್ ಎಲ್ಲದವ್ವ? ಬರ್ದೀಯಲ್ಲ, ಎಣಿಕಿಯಾತು."

ಇಷ್ಟೇ ನೋಡಿ ನಮ್ಮ ಅಳತೆ. ಛೀಮಾರಿಗೂ ಶಹಬ್ಬಾಸಿಗೂ ಒಂದೇ ಬೆಲೆ. ಆ ಕೋಣೆಯಲ್ಲಿ ಸಹಾಯಕನಾಗಿ ಕೂತಿದ್ದ ನನಗೆ ಅಧ್ಯಕ್ಷರ ಮುಖಕ್ಕೆ ಉಗಿಯಬೇಕೆನಿಸಿತ್ತು. ಉಗಿಯಲಿಲ್ಲ, ಚಹಾ ಕುಡಿದು ಎದ್ದೆ.

ಪ್ರಭುರಾಜ ಮುಖ್ಯಸ್ಥನಾದ. ಆ ಹಂಗಾಮಿಗೆ ರೈತರಿಗೆ ಹಂಚಿದ ಕೈಪಿಡಿಯಲ್ಲಿ ನಾಟಿಯಾದ ಕೂಡಲೇ ಔಷಧಿ ಹೊಡೆಯಿರೆಂದು ಅವನ ಫೋಟೊದೊಂದಿಗೆ ಅಚ್ಚಾಯಿತು. ಪೋತ್ನಾಳದವರು ಹೊಡೆದರು. ಜಿಗಿಹುಳು ಬಿದ್ದ ಭತ್ತ ಸುಟ್ಟಂತೆ ಕೆಂಪಗಾಗಿ ಮಲಗಿತು. ನೌಶೀನ್ ಆ ಗದ್ದೆಗಳ ಫೋಟೊ ತಂದು ಅವನ ಮೇಜಿನ ಮೇಲೆ ಇಟ್ಟಳು. ಅವಳ ಹಿಂದೆ ನಾನೂ ಹೋಗಿ ನಿಂತಿದ್ದೆ.

ಅವನು ಒಂದೊಂದೇ ಫೋಟೊ ನೋಡಿದ. ನಾಚುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಅರಳಿತು.

"ಇದರ ಮ್ಯಾಲೂ ಒಂದು ಪ್ರಬಂಧ ಬರಿಯವ್ವ," ಎಂದ. "ತಪ್ಪು ಅಂತಲೇ ಬರಿ, ಬ್ಯಾಸರಿಲ್ಲ. ನನ್ನ ಹೆಸರು ಮಾತ್ರ ಬಿಡಬ್ಯಾಡ."